ಬದಲಾಗದಿದ್ದರೆ ಹೇಳಬೇಕಿಲ್ಲ

"ಈ ತಂತಿ ಕಳ್ಸಿದ್ದು ಯಾರು?"

ಬಾಗಿಲಲ್ಲಿ ನಿಂತವನ ದನಿಗೆ ಹಿಂದೂಪುರದ ತಂತಿ ಆಫೀಸೇ ಬೆಚ್ಚಿಬಿತ್ತು. ಕೊಂಡಮ್ಮನ ಬೆರಳು ಮೋರ್ಸ್ ಕೀ ಮೇಲೆ ಹಾಗೇ ನಿಂತಿತು.

"ನಾನೇ... ಯಾಕೆ?"

"ನಾನು ಕಲ್ಯಾಣದುರ್ಗದ ತಂತಿ ಆಫೀಸಿನ ಆದಿನಾರಾಯಣ. ನಿನ್ನೆ ನಮ್ಮಕ್ಕ ಸಣ್ಣಕ್ಕ ಇದೇ ಊರಲ್ಲಿ ಹೆರಿಗೆ ನೋವಲ್ಲಿ ಸಾಯೋ ಹಂಗಿದ್ಲು. ನಮ್ಮ ಭಾವ ಎಂಟು ಗಂಟೆಗೆ ನಿಮ್ಮ ಕೈಗೆ ತಂತಿ ಕೊಟ್ಟವ್ರೆ. ನಂಗೆ ಸಿಕ್ಕಿದ್ದು ಒಂಬತ್ತಕ್ಕೆ! ಅಷ್ಟೊತ್ತಿಗೆ ಬಸ್ಸು ಹೊಂಟೋಗಿತ್ತು. ಒಂದು ಗಂಟೆ ಆ ಕಾಗದ ಇಟ್ಕೊಂಡು ಏನ್ ಮಾಡ್ತಿದ್ರಿ?"

ಕೊಂಡಮ್ಮನಿಗೂ ರೇಗಿತು. ಪರಿಗಿಯ ಶ್ರೀರಾಮಪ್ಪನ ಮಗಳು ಬೈಸಿಕೊಂಡು ಸುಮ್ಮನಿರುವವಳಲ್ಲ.

"ಲೈನು ಖಾಲಿ ಇರ್ಲಿಲ್ಲ! ಯಾರ ಕೈಲಿತ್ತು ಗೊತ್ತಾ? ನಿಮ್ಮ ಕೈಲಿ! ಮಳೆ ವರದಿ ಕಳಿಸ್ತಿದ್ರಿ... ಕುಂದುರ್ಪಿ ಮಳೆ ಇಲ್ಲ, ಮೋಡ ಇಲ್ಲ, ಸೆಟ್ಟೂರು ಮಳೆ ಇಲ್ಲ, ಮೋಡ ಇಲ್ಲ... ಇಪ್ಪತ್ತೇಳು ಊರು! ಎರಡು ಸಲ ನಡುವೆ ತಡೆದೆ. 'ಕಾಯಿರಿ' ಅಂದೋರು ನೀವೇ!"

ಅವನಿಗೆ ನೆನಪಾಯಿತು. ಹೌದು... ನಿನ್ನೆ ಯಾರೋ ನಡುವೆ ಬಾಯಿ ಹಾಕಿದ್ದರು. ಸರ್ಕಾರಿ ವರದಿ ಮೊದಲು ಎಂದು ತಾನೇ ಗದರಿದ್ದ! ತನ್ನ ಅಕ್ಕನ ಸುದ್ದಿಯನ್ನು ತಾನೇ ತಡೆದು ಕೂರಿಸಿದ್ದ.

ಬೆಂಚಿನ ಮೇಲೆ ಕುಸಿದವನನ್ನು ನೋಡಿ ಕೊಂಡಮ್ಮನ ಸಿಟ್ಟು ಇಳಿಯಿತು.

"ಅಕ್ಕ... ಹೆಂಗವ್ರೆ?"

"ಬದುಕವ್ಳೆ. ಹೆಣ್ಣು ಮಗು."

ಅಲ್ಲೇ ಪ್ರೀತಿ ಹುಟ್ಟಿತೆಂದರೆ ಸುಳ್ಳಾದೀತು. ಅವಳಿಗೆ ಹುಟ್ಟಿದ್ದು ಅಯ್ಯೋ ಪಾಪ ಅನ್ನುವಷ್ಟು ಮರುಕ. ಒಂದು ಲೋಟ ನೀರು ಕೊಟ್ಟು ಕಳಿಸಿದಳು.

ಅದು ಸಾವಿರದ ಒಂಬೈನೂರ ಅರವತ್ತೊಂದು. ಎರಡೂ ಊರಿನ ನಡುವೆ ಇದ್ದದ್ದು ಒಂದೇ ತಂತಿ, ದಾರಿಯಲ್ಲಿ ಇನ್ನೂ ಮೂರು ಆಫೀಸು. ಒಬ್ಬರು ಕಟಕಟ ಅನ್ನಿಸುತ್ತಿದ್ದರೆ ಉಳಿದವರು ಕೇಳುತ್ತಾ ಕಾಯಬೇಕು. ಹಿಂದೂಪುರದ ಬಿತ್ತನೆ ಬೀಜದ ಆಫೀಸಿಗೆ ದಿನಾ ಬೆಳಿಗ್ಗೆ ಮಳೆ ವರದಿ ಬರಲೇಬೇಕಿತ್ತು. ಮಳೆ ಬರದ ಸೀಮೆಯಿಂದ ಮಳೆ ಇಲ್ಲ ಎಂದು ಹೇಳುವುದಕ್ಕೆ ದಿನವೂ ಮುಕ್ಕಾಲು ಗಂಟೆ!

ಹದಿನೈದು ದಿನ ಬಿಟ್ಟು ಆದಿನಾರಾಯಣ ಮಗುವನ್ನು ನೋಡುವ ನೆಪದಲ್ಲಿ ಬಂದ. ಕೈಯಲ್ಲೊಂದು ಹಾಳೆ.

"ನಿನ್ನೆಗೂ ಇವತ್ತಿಗೂ ಏನು ಬದಲಾಗೈತೋ ಅದನ್ನಷ್ಟೇ ಕಳಿಸೋಣ. ಉಳಿದ ಊರಿನ ಹೆಸ್ರೇ ಎತ್ತೋದು ಬ್ಯಾಡ. ಹೆಸ್ರು ಬರಲಿಲ್ಲ ಅಂದ್ರೆ ಅಲ್ಲಿ ನಿನ್ನೆ ಹೆಂಗೋ ಇವತ್ತೂ ಹಂಗೇ ಅಂತ ನೀವು ಬರ್ಕೊಳ್ಳಿ."

ಕೊಂಡಮ್ಮ ಹಾಳೆಯನ್ನೂ ಅವನನ್ನೂ ನೋಡಿದಳು. 'ಇಷ್ಟು ಸಲೀಸಾ!'

ಆಫೀಸಿನ ಹಿರಿಯ ಮುತ್ಯಾಲಪ್ಪ ಕನ್ನಡಕ ಏರಿಸಿದರು. "ಬಾಗುಂದಿರಾ ಅಬ್ಬಾಯಿ! ಚೆನ್ನಾಗೈತೆ. ಒಂದು ತಿಂಗಳು ನೋಡಾನ."

ಮುಕ್ಕಾಲು ಗಂಟೆಯ ವರದಿ ಮೂರು ನಿಮಿಷಕ್ಕೆ ಇಳಿಯಿತು. ಮೇಲಿನವರು ಬೆನ್ನು ತಟ್ಟಿದರು.

ಆಮೇಲೆ ಆ ಮಗುವನ್ನು ನೋಡಲು ಸೋದರಮಾವ ಬಂದಷ್ಟು ಸಲ ಯಾರೂ ಬಂದಿರಲಾರರು! ವಾರ ಬಿಟ್ಟು ವಾರ ಭಾನುವಾರ ಬಸ್ಸು, ಮರುದಿನ ರಜೆ ಹಾಕಿ ಬೆಳಿಗ್ಗೆ ತಂತಿ ಆಫೀಸಿನ ಬಾಗಿಲು. ಸಂಕ್ರಾಂತಿ ಕಳೆದ ಒಂದು ಸೋಮವಾರ ಹೇಳಿಯೇಬಿಟ್ಟ.

"ಕೊಂಡಮ್ಮ, ನಿನ್ನೇ ಮದುವೆ ಆಯ್ತೀನಿ. ಯುಗಾದಿ ಕಳೀಲಿ, ನಮ್ಮವ್ವನ್ನ ಕರ್ಕೊಂಡು ಬತ್ತೀನಿ."

ಅವಳು ನಾಚಿ ಒಳಗೆ ಓಡಿದಳು. ಉತ್ತರ ಹೇಳಲಿಲ್ಲ. ಕೆಂಪಾದ ಕೆನ್ನೆಯೇ ಹೇಳಿತಲ್ಲ ಎಂದುಕೊಂಡ ಅವನು.

ಆದರೆ ಯುಗಾದಿಗೂ ಮೊದಲೇ ಪೆನುಕೊಂಡೆಯ ಕಡೆಯಿಂದ ಸಂಬಂಧ ಬಂತು. ಕೊಂಡಮ್ಮ ಅಪ್ಪನೆದುರು ತಲೆ ತಗ್ಗಿಸಿ ಎಲ್ಲ ಹೇಳಿದಳು. ಶ್ರೀರಾಮಪ್ಪ ಕೂಗಾಡಲಿಲ್ಲ.

"ಶುಕ್ರವಾರ ಸಾಯಂಕಾಲ ಅವ್ರು ತಾಂಬೂಲಕ್ಕೆ ಬತ್ತಾವ್ರೆ ಕಣಮ್ಮ. ನಿನ್ನ ಹುಡುಗ ಅವತ್ತು ಮಧ್ಯಾಹ್ನದೊಳಗೆ ದೊಡ್ಡೋರ ಜೊತೆ ಬಂದು ಕೇಳ್ಲಿ, ಕೊಡ್ತೀನಿ. ಬರಲಿಲ್ಲ ಅಂದ್ರೆ ಇನ್ನೊಂದು ಮಾತಾಡ್ಬೇಡ."

ಅದು ಅವನು ಬರುವ ವಾರವಲ್ಲ. ಅವಳು ಅವತ್ತೇ ಕಾಗದ ಬರೆದಳು. ವಿಷಯ ತಿಳಿಸಿ, 'ನಿಮ್ಮ ಮಾತು ಹಂಗೇ ಐತಾ?' ಎಂದು ಕೇಳಿದಳು.

ಸೋಮವಾರ ಅವನ ಕೈಗೆ ಕಾಗದ ಸೇರಿರಬೇಕು. ಮಂಗಳವಾರ ಉತ್ತರವಿಲ್ಲ. ಬುಧವಾರ ಅಂಚೆಯವನು ಬರಿಗೈಲಿ ಹೋದ.

ಲೈನಿನಲ್ಲಿ ಕೇಳೋಣವೆಂದರೆ ಸ್ವಂತ ಮಾತಿಗೆ ಅಪ್ಪಣೆಯಿಲ್ಲ, ಕೆಲಸಕ್ಕೇ ಕುತ್ತು. ಮೊದಲಾದರೆ ದಿನಾ ಮುಕ್ಕಾಲು ಗಂಟೆ ಅವನ ಕೈ ಕೇಳುತ್ತಿತ್ತು. ಈಗ ಮೂರೇ ನಿಮಿಷ. ಅದೂ ಮಂಗಳವಾರದಿಂದ ಯಾರದೋ ಬೇರೆ ಕೈ! ತಂತಿಯವರಿಗೆ ಒಬ್ಬೊಬ್ಬರ ಕೈ ಗುರುತೂ ಗೊತ್ತು, ದನಿಯ ಹಾಗೆ.

'ಕಾಗದ ಓದಿ ಹೆದರಿಬಿಟ್ರಾ? ಅವ್ವ ಬೇಡ ಅಂದ್ರಾ? ಇಲ್ಲ... ಮೊದಲಿಂದ್ಲೂ ಆಟ ಆಡಿದ್ರಾ?'

ಗುರುವಾರವೂ ಕಾಗದ ಬರಲಿಲ್ಲ. ಮೌನ ಸಮ್ಮತಿ ಅನ್ನುತ್ತಾರಲ್ಲ ಹಿರಿಯರು, ಅವರಲ್ಲಿ ಯಾರೂ ಹೀಗೆ ಅಂಚೆಯವನ ದಾರಿ ಕಾದಿರಲಿಕ್ಕಿಲ್ಲ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ವರದಿ ಬಂತು. ಏನೂ ಬದಲಿಲ್ಲ. ಅವಳ ತಾಳ್ಮೆ ಕಡಿದುಬಿತ್ತು. ಕೆಲಸ ಹೋದರೆ ಹೋಗಲಿ! ಕೀ ಒತ್ತಿ ಕೇಳಿಯೇಬಿಟ್ಟಳು: ಆದಿನಾರಾಯಣ ಎಲ್ಲಿ?

ಉತ್ತರ ಬಂತು: ಮಂಗಳವಾರದಿಂದ ರಜೆ. ಎಲ್ಲಿಗೆ ಹೋದರೋ ಗೊತ್ತಿಲ್ಲ.

ಅವಳ ಕಣ್ಣೀರು ವರದಿಯ ಹಾಳೆಯ ಮೇಲೆ ಬಿತ್ತು. ಮುತ್ಯಾಲಪ್ಪ ಎಲ್ಲ ಕೇಳಿಸಿಕೊಂಡಿದ್ದರು. "ಏಡವಕು ತಲ್ಲಿ, ಅಳಬ್ಯಾಡ... ನೀನು ಲೈನಲ್ಲಿ ಕೇಳಿದ್ದನ್ನ ನಾನು ಯಾರಿಗೂ ಹೇಳಾಕಿಲ್ಲ."

ಒಂಬತ್ತಾಯಿತು. ಹತ್ತಾಯಿತು. ಗಡಿಯಾರ ನೋಡಲೇಬಾರದೆಂದು ಬೆನ್ನು ತಿರುಗಿಸಿ ಕುಳಿತಳು.

ಹತ್ತೂವರೆಗೆ ಬಾಗಿಲಲ್ಲಿ ನೆರಳು ಬಿತ್ತು. ಮೈಯೆಲ್ಲ ಬಸ್ಸಿನ ಧೂಳು, ಪಕ್ಕದಲ್ಲಿ ಸೆರಗು ಹೊದ್ದ ಹಿರಿಯ ಹೆಂಗಸು.

"ಕೊಂಡಮ್ಮ, ನಮ್ಮವ್ವ ಗೌರಕ್ಕ. ನಡಿ, ಪರಿಗಿಗೆ ಹೊತ್ತಾಯ್ತದೆ."

ಅವನು ನಗುತ್ತಿದ್ದ! ಅವಳಿಗೆ ಉಕ್ಕಿದ್ದು ಸಂತೋಷವೋ ಸಿಟ್ಟೋ ಅವಳಿಗೇ ತಿಳಿಯಲಿಲ್ಲ.

"ಎಲ್ಲೋಗಿದ್ರಿ? ಒಂದು ಮಾತು... ಒಂದೇ ಒಂದು ಮಾತು ಹೇಳೋಕೆ ಆಗ್ಲಿಲ್ವಾ?"

ಅವನ ನಗು ಮಾಯವಾಯಿತು. "ಕುಂದುರ್ಪಿಗೆ ಹೋಗಿದ್ದೆ, ಅವ್ವ ಇರೋದು ಅಲ್ಲೇ. ಅವ್ವ ನಂಗೆ ಮಾವನ ಮಗಳನ್ನ ನೋಡಿಟ್ಟಿದ್ಲು. ಒಪ್ಪಿಸೋಕೆ ಮೂರು ದಿನ ಹಿಡೀತು. ನನ್ನ ಮಾತೇನು ಬದಲಾಗಿರ್ಲಿಲ್ವಲ್ಲ... ಬದಲಾಗಿದ್ರೆ ತಾನೇ ಹೇಳ್ಬೇಕು?"

"ನಾನೇನು ನಿಮ್ಮ ಮಳೆ ವರದೀನಾ?"

ಮುತ್ಯಾಲಪ್ಪ ಗೋಡೆ ಕಡೆ ತಿರುಗಿ ನಗು ನುಂಗಿದರು.

"ಲೈನು ಕಡಿದ್ರೂ ಸುಮ್ಕೇ ಇರ್ತದೆ ಕಣ್ರೀ! ನಿಮ್ಮ ಮಾತು ಹಂಗೇ ಇದ್ರೂ ಸುಮ್ಕೇ, ಕಡಿದುಹೋದ್ರೂ ಸುಮ್ಕೇ. ಈ ಕಡೆ ಕೂತೋಳಿಗೆ ಯಾವ್ದು ಅಂತ ಹೆಂಗೆ ತಿಳೀಬೇಕು?"

ಇಷ್ಟು ತಿಂಗಳು ಎಲ್ಲರೂ ಹೊಗಳಿದ ಉಪಾಯದಲ್ಲಿ ಇಷ್ಟು ದೊಡ್ಡ ತೂತಿತ್ತು, ಯಾರಿಗೂ ಕಂಡಿರಲಿಲ್ಲ. ಅದನ್ನು ಕಂಡವಳು ಮೂರು ದಿನ ಅದರೊಳಗೆ ಬಿದ್ದು ಒದ್ದಾಡಿದ್ದಳು.

"ತಪ್ಪಾಯ್ತು," ಅಂದ ಮೆಲ್ಲಗೆ. "ಬುದ್ಧಿ ಇರ್ಲಿಲ್ಲ ನಂಗೆ."

"ಬೈಯೋದು ಬಸ್ಸಲ್ಲಿ ಬೈಯಮ್ಮ," ಅಂದಳು ಗೌರಕ್ಕ. "ಮೊದ್ಲು ನಿಮ್ಮಪ್ಪನ್ನ ನೋಡಾನ."

"ವೆಳ್ಳಮ್ಮಾ ವೆಳ್ಳು! ಹೋಗಿ ಬಾ!" ಮುತ್ಯಾಲಪ್ಪ ಅವಳ ಕುರ್ಚಿಯಲ್ಲಿ ತಾವೇ ಕುಳಿತರು.

ಪರಿಗಿ ಮುಟ್ಟಿದಾಗ ಹನ್ನೆರಡಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಜಗುಲಿಯ ಮೇಲೆ ಗೌರಕ್ಕನೂ ಶ್ರೀರಾಮಪ್ಪನೂ ಬಹಳ ಹೊತ್ತು ಮಾತಾಡಿದರು. ಕೊನೆಗೆ ಶ್ರೀರಾಮಪ್ಪ ತಾಂಬೂಲಕ್ಕೆ ಬರಬೇಡಿ ಎಂದು ಹೇಳಲು ಪೆನುಕೊಂಡೆಯ ದಾರಿಗೆ ಆಳು ಓಡಿಸಿ, ಒಳಗೆ ಕೂಗಿದ.

"ಕೊಂಡಮ್ಮ, ಊಟಕ್ಕೆ ಹೊತ್ತಾಯ್ತು. ಅವ್ರ ಕೈಕಾಲಿಗೆ ನೀರು ಕೊಡು."

ಹಿತ್ತಲಲ್ಲಿ ಅವಳು ನೀರು ಹುಯ್ದಳು. ಆದಿನಾರಾಯಣ ಬೊಗಸೆ ಒಡ್ಡಿದ. ನೀರೆಲ್ಲ ಕಾಲ ಮೇಲೆ ಚೆಲ್ಲಿಕೊಂಡ.

"ನೀವ್ಯಾಕೆ ಗಾಬರಿ ಬೀಳ್ತೀರಿ? ಹೆದರ್ಕೊಂಡಿದ್ದೋಳು ನಾನು."

"ನಂಗೂ ಹೆದರಿಕೆ ಇತ್ತು ಕಣೇ. ದಾರಿ ಉದ್ದಕ್ಕೂ. ನೀನು ಪೆನುಕೊಂಡೆಯೋನಿಗೆ ಹೂಂ ಅಂದ್ಬುಟ್ರೆ ಏನ್ ಮಾಡ್ಲಿ ಅಂತ."

"ನಾನು ಹಂಗೆ ಅಂತಿದ್ನಾ?"

"ನಂಗೆ ಹೆಂಗೆ ಗೊತ್ತು? ಸಂಕ್ರಾಂತಿಲಿ ಕೇಳಿದ್ರೆ ಒಳಗೋಡ್ದೆ. ಕಾಗದದಲ್ಲೂ ನನ್ನ ಮಾತು ಕೇಳ್ದೆ, ನಿನ್ನ ಮಾತು ಬರೀಲಿಲ್ಲ. ನಾನೂ ಈ ಕಡೆ ಕೂತೋನೇ ಅಲ್ವಾ ಕೊಂಡಮ್ಮ?"

ಅವಳ ಕೈಯ ಚೊಂಬು ನಿಂತಿತು. ನಿಜ... ಇಷ್ಟೆಲ್ಲ ಅತ್ತವಳು, ಇಷ್ಟೆಲ್ಲ ಬೈದವಳು, ತಾನೂ ಒಂದು ಸಲ ಹೇಳಿರಲಿಲ್ಲ.

"ನಿಮ್ಮನ್ನ ಬಿಟ್ಟು ಯಾರನ್ನೂ ಮದುವೆ ಆಗ್ತಿರ್ಲಿಲ್ಲ ರೀ," ಅಂದಳು. "ನೀವಂದ್ರೆ ನಂಗೆ ಪ್ರಾಣ."

ಅವನು ಮತ್ತೆ ಬೊಗಸೆ ಒಡ್ಡಿದ.

"ಇನ್ನೊಂದು ಸಲ ಹೇಳು."

"ಶ್... ಅತ್ತೆ ನೋಡ್ತಾವ್ರೆ!"