ತಿರುವಿನಲ್ಲಿ ನಿಂತ ಎಂಜಿನ್

"ನನ್ನ ಗಂಡ ಕಳ್ಳ ಅಲ್ರಿ, ಸಾಹೇಬ್ರ" ಎಂದು ಹುಸೇನಬಿ ಹೊಸ್ತಿಲಾಚೆಯೇ ನಿಂತು ಅಣ್ಣಾಜಿಯವರಿಗೆ ಹೇಳಿದಾಗ ನಲಿನಿ ತಲೆ ತಗ್ಗಿಸಿದಳು. ಹಿಂದಿನ ವಾರ ಕಾಲೇಜಿನಲ್ಲಿ ಈ ಸುದ್ದಿ ಬಂದಾಗ "ಬೆಂಕಿಯಿಲ್ಲದೆ ಹೊಗೆಯಾಡೀತೇ?" ಎಂದವಳು ತಾನೇ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಗೆ ಓದಿದವರೂ ಸೇರುತ್ತಾರೆ, ಏನು ಮಾಡುವುದು!

ನಲಿನಿಯ ಸೋದರಮಾವ ಅಣ್ಣಾಜಿ ಮೋಟಾರು ವಾಹನ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ಹಾವೇರಿಯಲ್ಲಿ ಪೊಲೀಸರಿಗೆ ಬಗೆಹರಿಯದ್ದು ಮಾತ್ರವಲ್ಲ, ಪೊಲೀಸರಿಗೆ ಹೇಳಬಾರದ್ದೂ ಅವರ ಜಗುಲಿಗೆ ಬರುತ್ತಿತ್ತು. "ಒಳಗ ಬಾರವಾ, ಕುಂದ್ರು. ಮೊದಲಿಂದ ಹೇಳು" ಅಂದರು.

ಹುಸೇನಬಿ ಹೇಳಿದ್ದಿಷ್ಟು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಬಸವರಾಜ ಜಪಾನಿನ ಟರ್ಬೊ ಪೆಟ್ರೋಲ್ ಕಾರೊಂದನ್ನು ತರಿಸಿದ್ದ. ಹೋದ ವರ್ಷ ಅದರ ಟರ್ಬೊ, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಚಕ್ರ, ಕೆಟ್ಟು ಹೊಗೆ ಉಗುಳಿತು. ರಾಣೆಬೆನ್ನೂರಿನ ಮೇಸ್ತ್ರಿ ಶಾಬುದ್ದೀನ, ಅಂದರೆ ಅವಳ ಗಂಡ, ಮುಂಬಯಿಯಿಂದ ಹೊಸದು ತರಿಸಿ ಈ ವರ್ಷ ಮಾರ್ಚಿಯಲ್ಲಿ ಕೂಡಿಸಿದ. ಆಗಸ್ಟ್ ಬರುವಷ್ಟರಲ್ಲಿ ಅದೂ ಸತ್ತಿತು. ಬಸವರಾಜ ಮಾರುಕಟ್ಟೆಯ ನಡುವೆ ನಿಂತು, ನೂರು ಜನರೆದುರು, "ಹೊಸಾದು ಮಾರ್ಕೊಂಡು ಹಳೇದು ಹಾಕ್ಯಾನ" ಎಂದು ಕೂಗಿದ.

"ಮೂವತ್ತು ವರ್ಷದ ಹೆಸರ್ರಿ. ಈಗ ಒಂದು ಗಾಡೀನೂ ಬರವಲ್ದು. ಗ್ಯಾರೇಜ್ ಮುಚ್ಚಿ ಹುಬ್ಬಳ್ಳಿಗೆ ಹೋಗೂನು ಅಂತ ಕುಂತಾರ."

ಮರುದಿನ ಮುಂಜಾನೆಯೇ ಮಾವ-ಸೊಸೆ ರಾಣೆಬೆನ್ನೂರಿನ ಗ್ಯಾರೇಜಿನಲ್ಲಿದ್ದರು. ಶಾಬುದ್ದೀನ ಬಿಚ್ಚಿಟ್ಟ ಟರ್ಬೊವನ್ನು ತೋರಿಸಿದ. ಅಣ್ಣಾಜಿ ಅದರ ಮೈಮೇಲಿನ ನಂಬರನ್ನೂ ಮುಂಬಯಿಯಿಂದ ಬಂದ ಡಬ್ಬಿಯ ನಂಬರನ್ನೂ ಓದಿದರು. ಎಂಜಿನ್ನಿನ ಕೆಳಗಿನ ಬೇರಿಂಗುಗಳನ್ನು ಬಿಚ್ಚಿಸಿ ಬೆರಳಾಡಿಸಿದರು. ಒಂದು ಗೀರೂ ಇರಲಿಲ್ಲ. ಕೊನೆಗೆ ಟರ್ಬೊಗೆ ಆಯಿಲ್ ಹೋಗುವ ಸಣ್ಣ ಕೊಳವೆಯನ್ನು ನಲಿನಿಯ ಕೈಗಿತ್ತರು. ಒಳಗೆ ಹಾಲು ಹೊತ್ತಿದ ಪಾತ್ರೆಯ ತಳದ ಹಾಗೆ ಕಪ್ಪು ಹಕ್ಕಳೆ ಕಟ್ಟಿತ್ತು.

"ಡ್ರೈವರ್‌ಗ ಏನು ಹೇಳಿದ್ದಿ?"

"ಜೋರಾಗಿ ಓಡಿಸ್ಕೊಂಡು ಬಂದ ಮ್ಯಾಲ ಎರಡು ನಿಮಿಷ ನಿಂತಲ್ಲೇ ನಡೀಲಿ, ಆಮ್ಯಾಲ ಬಂದ್ ಮಾಡು ಅಂದಿದ್ನಿರಿ."

ಅಣ್ಣಾಜಿ ಹೇಳಿ ಕಳಿಸಿದ್ದರಿಂದ, ಬ್ಯಾಡಗಿಗೆ ಕರೆದೊಯ್ಯಲು ಬಸವರಾಜನ ಹಳೆಯ ಅಂಬಾಸಿಡರ್ ಬಂತು. ಓಡಿಸುತ್ತಿದ್ದವನು ಸೋಮಣ್ಣ, ಇಪ್ಪತ್ತು ವರ್ಷದಿಂದ ಆ ಮನೆಯ ಡ್ರೈವರ್. ಶಾಬುದ್ದೀನ ಹಿಂದೆ ಮುದುಡಿ ಕುಳಿತ.

"ಎರಡು ನಿಮಿಷ ಬಿಡ್ತಿದ್ದೇನು, ಸೋಮಣ್ಣ?" ಅಣ್ಣಾಜಿ ಕೇಳಿದರು.

"ಹೊರಗ ಹೋದಲ್ಲೆಲ್ಲಾ ಬಿಡ್ತಿದ್ನಿರಿ. ಗಡಿಯಾರ ನೋಡ್ಕೊಂಡು."

ಹೆದ್ದಾರಿ ಬಿಟ್ಟ ಮೇಲೂ ಕಾರಿನ ವೇಗ ತಗ್ಗಲಿಲ್ಲ. ಬಸವರಾಜನ ಮನೆ ಊರಿಗೆ ಮೊದಲೇ, ಇಳಿಜಾರಿನ ತಿರುವಿನಾಚೆ ಇತ್ತು. ತಿರುವಿನಲ್ಲಿ ಸೋಮಣ್ಣನ ಕೈ ಕೀಲಿಗೆ ಹೋಯಿತು. ಎಂಜಿನ್ ನಿಂತಿತು. ಕಾರು ಉಸಿರಿಲ್ಲದೆ ಉರುಳಿ ಗೇಟು ದಾಟಿ ನಿಂತಿತು. ನಲಿನಿ ಇದನ್ನು ಪೆಟ್ರೋಲ್ ಉಳಿಸುವ ಜಾಣತನವೆಂದುಕೊಂಡಳು.

ಪಡಸಾಲೆಯಲ್ಲಿ ಬಸವರಾಜ ಗತ್ತಿನಿಂದಲೇ ಬರಮಾಡಿಕೊಂಡ. ಗೇಟಿನ ಕಡೆಯ ಕಿಟಕಿಗೆ ಹೊಂದಿ ಒಂದು ಮಂಚ, ಅದರ ಮೇಲೆ ಮಡಿಸಿಟ್ಟ ಕೌದಿ, ಗೋಡೆಯಲ್ಲಿ ಮಾಲೆ ಹಾಕಿದ ಮುದುಕಿಯ ಫೋಟೋ. ಚಹಾ ಬಂತು. ಶಾಬುದ್ದೀನನ ಕಪ್ಪು ಹಾಗೇ ತಣ್ಣಗಾಯಿತು.

"ಹೇಳ್ರಿ ಅಣ್ಣಾಜಿಯವರ, ಕಳ್ಳ ಯಾರು?"

"ಕಳ್ಳ ಯಾರೂ ಇಲ್ಲ" ಅಂದರು ಅಣ್ಣಾಜಿ. "ಹಳೇ ಮಾಲು ಅಂದ್ರಿ. ಡಬ್ಬಿ ನಂಬರೂ ಮಾಲಿನ ನಂಬರೂ ಒಂದೇ ಅದ. ಆಯಿಲ್ ಕಲಬೆರಕಿ ಅನ್ನೂಣೇನು? ಹಂಗಿದ್ರ ಅದೇ ಆಯಿಲ್ ಕುಡಿಯೋ ಕೆಳಗಿನ ಬೇರಿಂಗೂ ಸವೀಬೇಕಿತ್ತು. ಅವು ಕನ್ನಡಿ ಇದ್ದಂಗ ಅವ. ಕೆಟ್ಟದ್ದು ಟರ್ಬೊ ಒಂದೇ."

"ಮತ್ತ?"

"ಟರ್ಬೊದ ಚಕ್ರ ನಿಮಿಷಕ್ಕ ಲಕ್ಷ ಸುತ್ತು ತಿರಗ್ತದ. ಎಂಜಿನ್ನಿನ ಹೊಗಿಯಿಂದನ ತಿರಗೋದು, ಹಿಂಗಾಗಿ ಕಾದು ಕೆಂಪಾಗಿರ್ತದ. ಅದನ್ನ ತಂಪು ಮಾಡೋದು ಹರಿಯೋ ಆಯಿಲ್. ಓಡಿ ಬಂದ ಕೂಡಲೆ ಎಂಜಿನ್ ಬಂದ್ ಮಾಡಿದ್ರ ಆಯಿಲ್ ಹರಿಯೋದು ನಿಲ್ತದ, ಕಾವು ನಿಲ್ಲೂದಿಲ್ಲ. ಒಳಗ ನಿಂತ ಆಯಿಲ್ ಅಲ್ಲೇ ಹೊತ್ತತದ, ಕೊಳವಿ ಕಟಗೊಳ್ತದ. ಹಿಂಗ ದಿನಾ ಆದ್ರ ಒಂದಿನ ಚಕ್ರಕ್ಕ ಹನಿ ಆಯಿಲ್ ಸಿಗೂದಿಲ್ಲ. ಆ ಹಕ್ಕಳಿ ನಾ ಕಣ್ಣಾರೆ ನೋಡೇನಿ."

ಬಸವರಾಜ ಬಾಗಿಲ ಬಳಿ ನಿಂತಿದ್ದ ಸೋಮಣ್ಣನ ಕಡೆ ಕೆಂಗಣ್ಣು ಬಿಟ್ಟ. "ಮೇಸ್ತ್ರಿ ಹೇಳಿದ್ದು ಕೇಳಲಿಲ್ಲೇನಲೇ?"

"ಅವನನ್ನ ಬೈಬ್ಯಾಡ್ರಿ. ಹೊರಗ ಹೋದಲ್ಲೆಲ್ಲಾ ಕೇಳ್ಯಾನ. ಮನೀಗೆ ಬರೋವಾಗ ಮಾತ್ರ ತಿರುವಿನಾಗ ಬಂದ್ ಮಾಡ್ತಾನ. ಇವತ್ತು ನಾವು ಬಂದಾಗೂ ಮಾಡಿದ. ಯಾಕ, ಸೋಮಣ್ಣ?"

ಸೋಮಣ್ಣ ಟವೆಲ್ಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಂಡಿದ. "ಅವ್ವಾರಿಗೆ ಸಪ್ಪಳ ತಡೀತಿರಲಿಲ್ರಿ. ಎಂಜಿನ್ ಕೇಳಿದ್ರ ಎದಿ ಹಿಡಕೊಂಡು ಎದ್ದು ಕುಂದರತಿದ್ರು. 'ತಿರುವಿನಾಗ ಬಂದ್ ಮಾಡು, ಉರುಳಿಸ್ಕೊಂಡು ಬಾ' ಅಂತ ಸಾವಕಾರ್ರ ಹೇಳಿದ್ರು."

ಬಸವರಾಜನ ಕಣ್ಣು ಮಂಚದ ಕಡೆ ಹೋಯಿತು. ಅಣ್ಣಾಜಿ ಮೆಲ್ಲಗೆ, "ಅವ್ವ ಹೋಗಿ ಎಷ್ಟು ದಿನ ಆತು?" ಎಂದರು.

"ಜನವರಿಯಾಗ ಹೋದ್ಲು."

"ಹೊಸ ಟರ್ಬೊ ಹಾಕಿದ್ದು ಮಾರ್ಚಿಯಾಗ."

ಬಸವರಾಜನ ಗತ್ತು ಅಲ್ಲಿಗೇ ಇಳಿಯಿತು. "ಸೋಮ್ಯಾ... ಆಕಿ ಹೋದ ಮ್ಯಾಲೂ ಯಾಕ ಮಾಡಿದ್ಯೋ?"

"ಸಾಕು ಅಂತ ನೀವು ಹೇಳಲಿಲ್ರಿ. ನೀವೂ ಗಾಡ್ಯಾಗ ಇರ್ತಿದ್ರಿ."

ಹೌದು, ಇರುತ್ತಿದ್ದ. ಏಳು ತಿಂಗಳು ಪ್ರತಿ ಸಂಜೆ ಆ ತಿರುವಿನಲ್ಲಿ ಉಸಿರು ಬಿಗಿಹಿಡಿದು ಬಂದಿದ್ದ. "ಆಕಿ ಮಲಗ್ಯಾಳ ಅಂತನ ನನಗೂ ಅನಸ್ತಿತ್ರಿ" ಎಂದವನು ಮಂಚದ ತುದಿಗೆ ಕುಳಿತು ಮುಖ ಮುಚ್ಚಿಕೊಂಡ. ಅಪರಾಧಿ ಸಿಕ್ಕಾಗ ಆಗಬೇಕಾದ ಸಮಾಧಾನ ನಲಿನಿಗೆ ಒಂದಿಷ್ಟೂ ಆಗಲಿಲ್ಲ.

ಬಸವರಾಜ ಎದ್ದು ಶಾಬುದ್ದೀನನೆದುರು ಕೈಮುಗಿದ. "ತಪ್ಪಾತು, ಮೇಸ್ತ್ರಿ."

ಶಾಬುದ್ದೀನ ಆ ಕೈಗಳನ್ನು ಹಿಡಿದು ಕೆಳಗಿಳಿಸಿದ. "ಅವ್ವಾರ ನಿದ್ದಿ ಸಲುವಾಗಿ ಟರ್ಬೊ ಹೋತು ಅಂದ್ರ ಹೋಗ್ಲಿ ಬಿಡ್ರಿ, ಅದಕ್ಕ ನಂದೇನೂ ತಕರಾರಿಲ್ಲ. ಆದ್ರ ಸಾವಕಾರ್ರ, ನನ್ನ ಕರದು ಒಂದು ಮಾತು ಕೇಳಿದ್ರ ನಾನ ಹುಡುಕಿ ಹೇಳ್ತಿದ್ನಿ. ನೀವು ಪ್ಯಾಟ್ಯಾಗ ಅಂದ್ರಿ. ಪ್ಯಾಟ್ಯಾಗ ಅಂದದ್ದನ್ನ ಪಡಸಾಲ್ಯಾಗ ತಿರುಗಿ ತಗೊಳ್ಳಾಕ ಬರೂದಿಲ್ರಿ."

"ಪ್ಯಾಟ್ಯಾಗ ಹೇಳ್ತೇನಿ. ಗುರುವಾರ ಸಂತಿ ಮಂದಿ ಮುಂದ ಹೇಳ್ತೇನಿ."

"ಹೇಳ್ರಿ" ಎಂದು ಶಾಬುದ್ದೀನ ಚಪ್ಪಲಿ ಮೆಟ್ಟಿದ. "ನಾ ಬುಧವಾರ ಹುಬ್ಬಳ್ಳಿಗೆ ಹೊಂಟೇನಿ."

ಬಸವರಾಜ ಕೊಟ್ಟ ಮಾತು ನಡೆಸಿದ. ಗುರುವಾರ ಮಾರುಕಟ್ಟೆಯಲ್ಲಿ ಚೀಲಗಳ ನಡುವಿನ ಕಟ್ಟೆ ಹತ್ತಿ, "ಮೇಸ್ತ್ರಿ ಶಾಬುದ್ದೀನಂದು ತಪ್ಪಿಲ್ಲ, ತಪ್ಪು ನಂದು" ಎಂದು ಎರಡು ಸಲ ಕೂಗಿದ. ನಲಿನಿ ಮಾವನ ಪಕ್ಕದಲ್ಲಿ ನಿಂತು ಕೇಳಿದಳು. ಆ ದಿನ ಬಾಯಿ ಬಿಟ್ಟುಕೊಂಡು ಕೇಳಿದ್ದ ಜನ ಈ ದಿನ ಒಂದು ಗಳಿಗೆ ತಲೆ ಎತ್ತಿ, ಮತ್ತೆ ಮೆಣಸಿನಕಾಯಿಯ ಬಣ್ಣ ನೋಡತೊಡಗಿದರು.

ಬಸವರಾಜ ಕಟ್ಟೆಯಿಳಿದು ಬಂದ. "ಈ ಮಾತು ಮುಟ್ಟೀತೇನ್ರಿ ಅವಗ?"

ಇಷ್ಟು ವರ್ಷ ಯಾರು ಏನು ಕೇಳಿದರೂ ಉತ್ತರ ಕೊಟ್ಟಿದ್ದ ಅಣ್ಣಾಜಿ ಅವನ ಹೆಗಲ ಮೇಲೆ ಕೈಯಿಟ್ಟು ಹುಬ್ಬಳ್ಳಿಯ ದಾರಿಯ ಕಡೆ ನೋಡಿದರು.