ದೋಣಿ ಹಾಸಿಗೆ

ಫೆಬ್ರವರಿ ಹನ್ನೊಂದರ ಬೆಳಿಗ್ಗೆ ಎಂಟು ಗಂಟೆಗೆ ಠಾಣೆಗೆ ಬಂದ ದೂರು ಕೇಳಿ ಕಾನ್‌ಸ್ಟೆಬಲ್ ಚಂದ್ರನಿಗೆ ನಗು ತಡೆಯಲಾಗಲಿಲ್ಲ. ಕಿರಿಮಂಜೇಶ್ವರದ ಕಡಲ ದಂಡೆಯ ರೆಸಾರ್ಟಿನ ಮ್ಯಾನೇಜರ್ ಜಿತೇಂದ್ರ, ಮಂಚ ಕಳುವಾಗಿದೆ ಎಂದು ಬರೆದುಕೊಟ್ಟಿದ್ದ.

ಅದು ಅಂತಿಂಥ ಮಂಚವಲ್ಲ. ಒಬ್ಬಿಬ್ಬರು ಹುಟ್ಟು ಹಾಕಿ ನಡೆಸುವ ಹಳೆಯ ಪಾತಿ ದೋಣಿಯೊಂದಕ್ಕೆ ಪಾಲಿಶ್ ಹೊಡೆಸಿ, ಒಳಗೆ ಮೆತ್ತನೆ ಹಾಸಿಗೆ ಹಾಕಿ, ಸಮುದ್ರಕ್ಕೆ ಮುಖ ಮಾಡಿದ ಚಪ್ಪರದ ಕೆಳಗೆ ಇಟ್ಟಿದ್ದರು. ಅದರಲ್ಲಿ ಮಲಗಿ ಅಲೆ ನೋಡಲೆಂದೇ ಮುಂಬಯಿ, ಬೆಂಗಳೂರಿನ ಜನ ತಿಂಗಳ ಮೊದಲೇ ಬುಕ್ ಮಾಡುತ್ತಿದ್ದರು.

ಸಬ್ ಇನ್‌ಸ್ಪೆಕ್ಟರ್ ಶ್ರೀಲತಾ ಎಫ್‌ಐಆರ್ ದಾಖಲಿಸಿ, ಚಂದ್ರನೊಂದಿಗೆ ಜೀಪು ಹತ್ತಿದಳು.

ಸ್ಥಳದಲ್ಲಿ ದೋಣಿಯೊಂದು ಬಿಟ್ಟು ಉಳಿದದ್ದೆಲ್ಲ ಇತ್ತು. ಕದ್ದವರೇ ಹಾಸಿಗೆಯನ್ನು ಮಡಚಿ, ಮೇಲೆ ದಿಂಬುಗಳನ್ನು ಜೋಡಿಸಿಟ್ಟಿದ್ದರು. ಇಬ್ಬನಿಗೆ ಹೆದರಿ ರಾತ್ರಿ ಒಳಗೆ ಹೋಗಿ ಮಲಗಿದ್ದ ದಂಪತಿ ಮರೆತಿದ್ದ ದುಬಾರಿ ಮೊಬೈಲು ಆ ದಿಂಬಿನ ಮೇಲೇ ಇತ್ತು.

"ವಾಚ್‌ಮನ್ ಎಲ್ಲಿದ್ದ?" ಶ್ರೀಲತಾ ಜಿತೇಂದ್ರನನ್ನು ಕೇಳಿದಳು.

"ಗೇಟಿನಲ್ಲಿ ಮೇಡಮ್. ಸಮುದ್ರದ ಕಡೆಯಿಂದ ಕಳ್ಳ ಬರುತ್ತಾನೆ ಅಂತ ಯಾರು ಎಣಿಸ್ತಾರೆ?"

ಚಪ್ಪರದಿಂದ ನೀರಿನವರೆಗೆ ಮರಳಿನಲ್ಲಿ ಎಳೆದ ಗುರುತಿತ್ತು. ದೋಣಿಯಡಿ ಒಂದೊಂದಾಗಿ ಇಟ್ಟು ಅದನ್ನು ಜಾರಿಸಿದ ದುಂಡು ಮರದ ತುಂಡುಗಳು ಅಲ್ಲಲ್ಲಿ ಬಿದ್ದಿದ್ದವು. ಹೆಜ್ಜೆ ಒಬ್ಬನದೇ. ನೀರಂಚಿನಲ್ಲಿ ಹೊಸದಾಗಿ ಒಡೆದ ತೆಂಗಿನಕಾಯಿಯ ಎರಡು ಹೋಳುಗಳು, ಒಂದು ಕೆಂಪು ದಾಸವಾಳ.

ಶ್ರೀಲತಾ ಅಲ್ಲೇ ನಿಂತುಬಿಟ್ಟಳು. ಸಾಸ್ತಾನದ ಆಚೆ, ಮೀನುಗಾರರ ಮನೆಯಲ್ಲಿ ಹುಟ್ಟಿದವಳು ಅವಳು.

"ಕದ್ಕಂಡ್ ಹೋಪವ ಕಾಯಿ ಒಡಿತ್ನಾ ಚಂದ್ರ?"

ಚಂದ್ರನ ಮುಖದಲ್ಲಿ ಬೆಳಗಿನ ನಗು ಉಳಿದಿರಲಿಲ್ಲ. "ಇಲ್ಲೆ ಮೇಡಮ್. ದೋಣಿ ಯಾರದ್ದೋ ಅವ್ರೇ."

ಕಾಲಿನಿಂದ ಮರಳು ತಳ್ಳಿ ಆ ಹೋಳುಗಳನ್ನು ಮುಚ್ಚಿಬಿಡೋಣ ಎಂದು ಶ್ರೀಲತಾಳಿಗೆ ಒಮ್ಮೆ ಅನಿಸಿತು. ಮನಸ್ಸು ಗಟ್ಟಿ ಮಾಡಿಕೊಂಡು ಪಂಚನಾಮೆಯಲ್ಲಿ ಬರೆಸಿದಳು.

"ಈ ದೋಣಿ ಯಾರಿಂದ ಕೊಂಡದ್ದು?" ಜಿತೇಂದ್ರನನ್ನು ಕೇಳಿದಳು.

"ಏಜೆಂಟ್ ತಂದುಕೊಟ್ಟದ್ದು. ಇಲ್ಲೇ ಚಂದಯ್ಯ ಅಂತ ಒಬ್ಬರದ್ದಂತೆ."

"ಅವರು ಇಲ್ಲಿಗೆ ಬಂದದ್ದುಂಟಾ?"

"ಇಲ್ಲ. ಅವರ ಹೆಂಡತಿ ನಮ್ಮ ಅಡುಗೆಮನೆಗೆ ಮೀನು ತರ್ತಾರೆ. ಮೊನ್ನೆ ಈ ಚಪ್ಪರದ ಹತ್ತಿರ ಬುಟ್ಟಿ ಇಟ್ಟು ಸುಮ್ಮನೆ ನಿಂತಿದ್ರು. ಗೆಸ್ಟ್ ಮಲಗಿದ್ದಾರೆ, ಹೋಗಿ ಅಂತ ನಾನೇ ಕಳಿಸಿದೆ."

ಹನ್ನೊಂದು ಗಂಟೆಯ ಹೊತ್ತಿಗೆ ಜೀಪು ಚಂದಯ್ಯನ ಮನೆ ಮುಂದೆ ನಿಂತಿತು. ಹಗ್ಗದ ಮೇಲೆ ಒದ್ದೆ ಮುಂಡು ಒಣಗುತ್ತಿತ್ತು. ಮುದುಕ ಜಗಲಿಯಲ್ಲಿ, ಯಾರನ್ನೋ ಕಾಯುವವನ ಹಾಗೆ ಅಂಗಿ ತೊಟ್ಟು ಕುಳಿತಿದ್ದ. ಹೆಂಡತಿ ಸುಂದರಿ ಅಂದು ಮೀನು ಮಾರಲು ಹೋಗದೆ ಬಾಗಿಲಲ್ಲಿ ನಿಂತಿದ್ದಳು.

"ಚಂದಯ್ಯಣ್ಣ, ದೋಣಿ ಎಲ್ಲಿತ್ತ್?"

"ಮುಳ್ಗಿಸ್ದೆ."

"ಎಲ್ಲಿ?"

"ಅಲೆ ದಾಟಿ, ಆಳದಗೆ. ದೋಣಿ ಅಡಿಗೆ ಕೊಡ್ಲಿ ಹಾಕ್ದೆ."

"ಮಾರಿದ್ದ್ ನೀವೇ ಅಲ್ದಾ?"

"ನಾನೇ. ಮ್ಯೂಸಿಯಮ್ಮಗೆ ಇಡ್ತ್ರ್, ಯಾರೂ ಮುಟ್ಟುದಿಲ್ಲೆ ಅಂದಿದ್ದ ಏಜೆಂಟ. ನಂಗೂ ಅದ್ರಗೆ ಕೂಕಂಬುಕ್ ಆತಿರ್ಲಿಲ್ಲ." ಅವನು ಒಳಗೆ ಗೋಡೆಯ ಮೇಲಿದ್ದ ಫೋಟೋದ ಕಡೆ ನೋಡಿದ. ಅದು ಮಗ ಪ್ರಖ್ಯಾತನದು. ಎರಡು ವರ್ಷದ ಹಿಂದೆ ಮೀನಿಗೆ ಹೋದ ಬೋಟು ಮಗುಚಿ ಸತ್ತವನು. ಎಲ್ಲರೂ ಹುಡುಕುವುದು ಬಿಟ್ಟ ಮೇಲೆ ಚಂದಯ್ಯ ಒಬ್ಬನೇ ಪಾತಿ ದೋಣಿ ತೆಗೆದುಕೊಂಡು ಹೋಗಿದ್ದ.

"ಅವ್ನನ್ನ ಮಲ್ಗಿಸ್ಕಂಡ್ ಬಂದದ್ದ್ ಆ ದೋಣಿಯಗೆ, ಅಮ್ಮಾ. ಅದೇ ಜಾಗದಗೆ ದಿನಾ ಯಾರ್ಯಾರೋ ಮಲ್ಗ್ತ್ರಂಬ್ರ್. ನಗಾಡ್ತ್ರಂಬ್ರ್. ಅವ್ರದ್ದೆಂತ ತಪ್ಪಿಲ್ಲೆ, ಅವ್ರಿಗ್ ಗೊತ್ತಿಲ್ಲೆ."

"ಕದ್ದ್ ಮುಳ್ಗಿಸುವವ್ರ್ ಕಾಯಿ ಎಂತಕ್ ಒಡ್ದ್ರಿ? ಅದ್ರಿಂದ್ಲೇ ಸಿಕ್ಕಿಬಿದ್ದದ್ದ್ ನೀವ್."

ಚಂದಯ್ಯ ಅವಳನ್ನೇ ಅಚ್ಚರಿಯಿಂದ ನೋಡಿದ. "ಕಾಯಿ ಒಡೀದೆ ದೋಣಿ ನೀರಿಗ್ ಇಳ್ಸುದ್ ಹ್ಯಾಂಗೆ?"

ಶ್ರೀಲತಾ ಹಗ್ಗದ ಮೇಲಿನ ಒದ್ದೆ ಮುಂಡು ನೋಡಿದಳು. ಆಮೇಲೆ ಕೇಳಿದಳು. "ಅಷ್ಟ್ ದೂರದಿಂದ ಈ ವಯಸ್ಸಗೆ ಈಜ್ಕಂಡ್ ಬಂದ್ರ್ಯಾ?"

"ತಿರ್ಗಿ ಬಪ್ಪುಕೆ ಅಂದೇಳಿ ಹೋದದ್ದಲ್ಲ." ಅವನು ಹೆಂಡತಿ ನಿಂತ ಕಡೆ ನೋಡದೆ, ದನಿ ತಗ್ಗಿಸಿ ಹೇಳಿದ. "ದೋಣಿಗೆ ನೀರ್ ತುಂಬತಾ ಇದ್ದಿತ್. ಇವ್ಳ್ ಒಬ್ಳೇ ಆತ್ಲ್ ಅಂದೇಳಿ ಕಂಡ್ತ್. ಬಂದೆ."

ಭಾರತೀಯ ನ್ಯಾಯ ಸಂಹಿತೆಯ ಕಳವಿನ ಕಲಂ 303(2)ರಡಿ ದಸ್ತಗಿರಿ. ಮಾರಿದ ಮೇಲೆ ದೋಣಿ ರೆಸಾರ್ಟಿನದು, ಕಾನೂನಿಗೆ ಅಷ್ಟು ಸಾಕು. ಕೊಡಲಿಯೂ ದೋಣಿಯ ಜೊತೆ ಕಡಲಡಿಯಲ್ಲಿತ್ತು. ವಶಪಡಿಸಿಕೊಳ್ಳಲು ಏನೂ ಇರಲಿಲ್ಲ.

ಮನೆಯವರಿಗೆ ದಸ್ತಗಿರಿಯ ವಿಷಯ ತಿಳಿಸಬೇಕಾದದ್ದು ನಿಯಮ. ಶ್ರೀಲತಾ ಸುಂದರಿಯ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು. ಸುಂದರಿ ಅಳಲಿಲ್ಲ. ಗಂಡ ತಗ್ಗಿಸಿದ ದನಿಯಲ್ಲಿ ಹೇಳಿದ್ದನ್ನೆಲ್ಲ ಅವಳು ಕೇಳಿಸಿಕೊಂಡಿದ್ದಳು. ಒಂದು ಒಣ ಮುಂಡು, ಟವೆಲು ಮಡಚಿ ಚೀಲಕ್ಕೆ ಹಾಕಿಕೊಟ್ಟಳು.

"ಕರ್ಕಂಡ್ ಹೋಯ್ನಿ ಅಮ್ಮಾ," ಎಂದಳು. "ಇವತ್ತ್ ರಾತ್ರಿ ಇವ್ರ್ ಎಲ್ಲಿರ್ತ್ರ್ ಅಂದೇಳಿ ನಂಗ್ ಗೊತ್ತಿರತ್ತಲೆ."