ಅಜ್ಜಿಗೆ ಅನ್ನ ಸೇರುತ್ತಿಲ್ಲ

"ಎಲ್ಲಿ ಅವ್ರು? ಊಟ ಬಿಟ್ಟಿದ್ದಾರಂತಲ್ಲ!"

ಬೈಕನ್ನು ಮಾವಿನ ಮರಕ್ಕೆ ಒರಗಿಸಿ ಯುವಕನೊಬ್ಬ ಓಡೋಡಿ ಒಳಗೆ ಬಂದ. ಬಚ್ಚಮ್ಮಜ್ಜಿ ಎರಡನೇ ಮುದ್ದೆ ಮುರಿಯುತ್ತಿದ್ದಳು!

ಮೊಮ್ಮಗಳು ಅರ್ಪಿತಳಿಗೆ ನಗು ತಡೆಯಲಾಗಲಿಲ್ಲ. "ಯಾರು ನೀವು?"

"ಕದಿರೇಶ್... ಪರಿಹಾರ ಸಂಸ್ಥೆಯಿಂದ. ಅಜ್ಜಿ ಹೆಸರಲ್ಲಿ ಕೆಂಪು ದೀಪ ಹತ್ತಿತ್ತು."

ಆಲಿಕಲ್ಲು ಮಳೆ ಶ್ರೀನಿವಾಸಪುರದ ಮಾವನ್ನೆಲ್ಲ ನೆಲಕ್ಕೆ ಕೆಡವಿದ ಮೇಲೆ ಆ ಸಂಸ್ಥೆ ಬಂದಿತ್ತು. ಯಾರಿಗೆ ಏನು ನೆರವು ಹೋಯಿತೆಂಬುದೆಲ್ಲ ಬ್ಲಾಕ್‌ಚೈನ್‌ನಲ್ಲಿ. ಒಮ್ಮೆ ಬರೆದದ್ದನ್ನು ಯಾವ ದೊಡ್ಡಮನುಷ್ಯನೂ ಅಳಿಸುವಂತಿಲ್ಲ. ಜೊತೆಗೆ ಮನುಷ್ಯರಂತೆ ಮಾತಾಡುವ ಎಐ ಒಂದು ಮನೆಮನೆಗೆ ಫೋನ್ ಮಾಡಿ 'ಮನಸ್ಸು ಹೇಗಿದೆ?' ಎಂದು ಕೇಳುತ್ತಿತ್ತು. ಯಾರಾದರೂ ತೀರಾ ನೊಂದಿದ್ದಾರೆ ಅನ್ನಿಸಿದರೆ ಸ್ವಯಂಸೇವಕರ ಮೊಬೈಲಿನಲ್ಲಿ ಕೆಂಪು ದೀಪ.

"ಮೊಮ್ಮಗಳಿಗೆ ಮದುವೆ ಆಗ್ಲಿಲ್ಲ, ಅನ್ನ ಸೇರ್ತಿಲ್ಲ ಅಂದೆ. ಸುಳ್ಳಾ?" ಅಜ್ಜಿ ಉಪ್ಸಾರು ಸುರಿದುಕೊಂಡಳು. "ಕೂತ್ಕೋ ನಾಯ್ನಾ, ಉಣ್ಣು."

ಅಲ್ಲಿಂದ ವಾರವಾರವೂ ಅಜ್ಜಿಗೆ ಅನ್ನ ಸೇರುತ್ತಿರಲಿಲ್ಲ, ವಾರವಾರವೂ ಕದಿರೇಶ್ ಬರುತ್ತಿದ್ದ! ಉದುರಿದ ಕಾಯಿಯ ಉಪ್ಪಿನಕಾಯಿ ಜಾಡಿಗಳನ್ನು ಬಿಸಿಲಿಗೆ ಎತ್ತಿಡುತ್ತಿದ್ದ. ಮಳೆಯ ದಿನದಿಂದ ಮಂಕಾಗಿದ್ದ ಅರ್ಪಿತ ದಿನದಿನಕ್ಕೂ ಗೆಲುವಾದಳು.

ಒಂದು ಮಧ್ಯಾಹ್ನ ಎಐ ಅವಳನ್ನೂ 'ಮನಸ್ಸು ಹೇಗಿದೆ?' ಎಂದು ಕೇಳಿತು.

"ಕದಿರೇಶ್ ಬಂದ್ರೆ ಮಾತ್ರ ಸಮಾಧಾನ. ಬರೋದು ನಿಂತೋದ್ರೆ ಏನ್ ಮಾಡ್ಲಿ?" ಎಂದವಳು ಅತ್ತೇಬಿಟ್ಟಳು.

ಮರುದಿನವೇ ಅವನು ಹಾಜರ್. "ನಿನ್ನೆ ನೀವು ಎಐ ಜೊತೆ ಮಾತಾಡಿದ್ರಂತಲ್ಲ..."

ಅಯ್ಯೋ, ಎಲ್ಲಾ ಓದಿಬಿಟ್ಟನೇ! ಅರ್ಪಿತಳ ಕಿವಿ ಬಿಸಿಯಾಯಿತು.

"ಇನ್ನೊಬ್ರ ಮನಸ್ಸು ಓದೋದು ನಿಮ್ ಕೆಲಸಾನಾ? ಅಳಿಸಿ ಅದನ್ನ! ಇನ್ಮೇಲೆ ಬರ್ಬೇಡಿ!"

"ಅಲ್ಲ, ನಾನು..." ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿತು.

ಮುಂದಿನ ವಾರ ಅವನು ಬರಲಿಲ್ಲ. ಮುಳಬಾಗಿಲ ಕಡೆಗೆ ಕೆಲಸ ಬದಲಿಸಿಕೊಳ್ಳುತ್ತಿದ್ದಾನೆಂದು ಸುದ್ದಿ ಬಂತು. ಈ ಸಲ ಅಜ್ಜಿಗೆ ನಿಜವಾಗಿಯೂ ಅನ್ನ ಸೇರಲಿಲ್ಲ. ಫೋನನ್ನು ಸ್ಪೀಕರಿಗೆ ಹಾಕಿ ಎಐಯನ್ನೇ ತರಾಟೆಗೆ ತೆಗೆದುಕೊಂಡಳು.

"ಏನ್ ಹೇಳಿದ್ಲೇ ನಮ್ ಹುಡ್ಗಿ ನಿನ್ ಹತ್ರ?"

"ಕ್ಷಮಿಸಿ ಅಜ್ಜಿ. ಅರ್ಪಿತ ಅವರ ಮಾತಿಗೆ ಬೀಗ ಹಾಕಿದೆ. ಅವರ ಒಪ್ಪಿಗೆ ಇಲ್ಲದೆ ಯಾರೂ ತೆರೆಯುವಂತಿಲ್ಲ. ತೆರೆದರೆ ಬ್ಲಾಕ್‌ಚೈನ್‌ನಲ್ಲಿ ಗುರುತು ಉಳಿಯುತ್ತದೆ. ಈವರೆಗೆ ಯಾರೂ ತೆರೆದಿಲ್ಲ."

"ಕದಿರೇಶೂ?" ಅರ್ಪಿತ ಅಡುಗೆಮನೆಯಿಂದ ಓಡಿಬಂದಳು.

"ಇಲ್ಲ. ಭೇಟಿ ಕೊಡಿ ಎಂದು ಅವರಿಗೆ ಕೆಂಪು ದೀಪ ಮಾತ್ರ ಹೋಗಿದೆ."

ಪಾಪ... ಏನೂ ತಿಳಿಯದವನನ್ನು ಬೈದು ಅಟ್ಟಿದೆನಲ್ಲ! ಕೂಡಲೇ ಅವನಿಗೆ ಫೋನ್ ಮಾಡಿದಳು. "ಕದಿರೇಶ್... ತಪ್ಪಾಯ್ತು. ಒಂದ್ಸಲ ಬನ್ನಿ."

ಸಂಜೆಯೊಳಗೆ ಬೈಕು ಮಾವಿನ ಮರದಡಿ ಇತ್ತು.

"ಅವತ್ತು ಎಐಗೆ ಏನ್ ಹೇಳಿದ್ರಿ, ಈಗ್ಲಾದ್ರೂ ಹೇಳ್ತೀರಾ?"

"ನೀವು ಬಂದ್ರೆ ಮಾತ್ರ ಸಮಾಧಾನ ಅಂದೆ..." ಅರ್ಪಿತ ತಲೆ ಎತ್ತಲಿಲ್ಲ.

ಕದಿರೇಶನ ಮುಖ ಅರಳಿತು. "ಅಜ್ಜಿದು ನಾಟಕ ಅಂತ ಮೊದಲ ದಿನಾನೇ ಗೊತ್ತಾಯ್ತು. ಆದ್ರೂ ಬರ್ತಿದ್ದೆ. ನೀವಂದ್ರೆ ನಂಗೆ ಇಷ್ಟ, ಅರ್ಪಿತ."

"ಅದನ್ನ ನಿಮ್ ಚೈನಲ್ಲಿ ಬರೆಸು ನಾಯ್ನಾ!" ಒಳಗಿನಿಂದ ಅಜ್ಜಿ ಕೂಗಿದಳು. "ನಾಳೆ ಇಲ್ಲ ಅನ್ನೋಕಾಗ್ಬಾರ್ದು!"

"ಬರೆಸ್ಲಾ?" ಕದಿರೇಶ್ ಮೆಲ್ಲಗೆ ಕೇಳಿದ.

ಅರ್ಪಿತ ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟಳು. "ಹ್ಞೂಂ... ಆಮೇಲೆ ಅಳಿಸೋಕಾಗಲ್ಲ ಕಣೋ!"